ವೈನಿ ಹುಕುಂ ಕಲಿತದ್ದು

ಮೊನ್ನೆ ಮಧ್ಯಾಹ್ನ ಶಾಲೆಯ ಅಡಿಗೆ ಕೋಣೆಯಿಂದ ಸಾಂಬಾರಿನ ವಾಸನೆ ಹೊರಟಿತ್ತು. ಊಟದ ಗಂಟೆಗೆ ಇನ್ನೂ ಹೊತ್ತಿತ್ತು. ಹಿರೇಕೊಟ್ನೆಕಲ್ಲಿನ ನನ್ನ ಮೂರನೇ ತರಗತಿಯ ಮಕ್ಕಳ ಮೂಗಿಗೆ ಆ ವಾಸನೆ ಬಿತ್ತೆಂದರೆ ಮುಗಿಯಿತು, ಗುಣಾಕಾರವೂ ಬೇಡ, ಟೀಚರೂ ಬೇಡ. ಗದ್ದಲ ಏರಿದಾಗ ಎಂದಿನಂತೆ ‘ಬಾಯಿ ಮುಚ್ರಿ’ ಎನ್ನಲು ಹೊರಟೆ. ಬಾಯಿಂದ ಬಂದದ್ದು ‘ಎಸ್ಕುಚಾ’. ಎಲ್ಲರೂ ಗಪ್ಪಾದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿ, “ಟೀಚರ್, ಇದು ಮಂತ್ರ ಏನ್ರಿ?” ಎಂದಳು.

ಮಂತ್ರವಲ್ಲ, ಸ್ಪ್ಯಾನಿಶ್. ‘ಕೇಳು’ ಎಂದು ಅರ್ಥ. ಮಾನ್ವಿಯಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಓಡಾಡುವ ಇವಳ ಬಾಯಿಗೆ ಸ್ಪ್ಯಾನಿಶ್ ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ, ಕೇಳಲೇಬೇಕು. ಅದು ರಾಯಚೂರಿನ ನನ್ನ ತವರಿನಿಂದ, ಅಣ್ಣನ ಹೆಂಡತಿಯಿಂದ ಬಂತು. ನಮ್ಮ ಮನೆತನದಲ್ಲಿ ಅಣ್ಣನ ಹೆಂಡತಿಗೆ ವೈನಿ ಎನ್ನುತ್ತೇವೆ.

ವೈನಿ ಗಬ್ಬೂರಿನ ಹುಡುಗಿ. ಮದುವೆಯಾಗಿ ಬಂದಾಗಿನಿಂದ ಯಾರಿಗೂ ‘ಮಾಡು’, ‘ಬಾ’ ಎಂದವಳಲ್ಲ. ಅವಳಿಗಿಂತ ಸಣ್ಣವಳಾದ ನನಗೂ ‘ನೀವು’. ಊಟಕ್ಕೆ ಕರೆಯಬೇಕಾದರೆ ಬಾಗಿಲ ಹತ್ತಿರ ನಿಂತು ಗೋಡೆಗೆ ಹೇಳಿದಂತೆ, “ಎಲಿ ಹಾಕಿ ಆತು” ಎನ್ನುತ್ತಿದ್ದಳು. ಯಾರೂ ಏಳದಿದ್ದರೆ “ಅನ್ನ ಆರಾಕತ್ತದ.” ಅದಕ್ಕೂ ಏಳದಿದ್ದರೆ ಒಳಗೆ ಸೌಟು ಸದ್ದು ಮಾಡುತ್ತಿತ್ತು. ಅವಳ ತಾಯಿಯೂ ಹೀಗೇ ಇದ್ದರಂತೆ. ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಅಂಗಳದ ಆಕಳಿಗೆ ಹೇಳುತ್ತಿದ್ದರಂತೆ, ಗಂಡ ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ ಎಂದು.

ಇತ್ತ ನಮ್ಮಪ್ಪ. ದೇವಸ್ಥಾನದ ಸೇವೆಯಲ್ಲಿ ಆಯುಷ್ಯ ಕಳೆದು ಎಂಬತ್ತರ ಹತ್ತಿರ ಬಂದವರು. ಅವರ ಹುಕುಮಿಗೆ ಕ್ರಿಯಾಪದವೇ ಬೇಕಿರಲಿಲ್ಲ. ಪಡಸಾಲೆಯಲ್ಲಿ ಕೂತು “ನೀರು” ಎಂದರೆ ನೀರು ಬರಬೇಕು, “ಕನ್ನಡಕ” ಎಂದರೆ ಕನ್ನಡಕ. ನಾನೇನು ಕಡಿಮೆ? ಹುಕುಂ ಮಾಡುವುದೇ ನನ್ನ ಹೊಟ್ಟೆಪಾಡು. ನನ್ನ ಗಂಡ ನನ್ನನ್ನು ಹೆಡ್ ಮಾಸ್ತರ್ ಎಂದೇ ಕರೆಯುತ್ತಾನೆ, ನಾನು ಎದುರಿಗೆ ಇಲ್ಲದಾಗ.

ಇಂಥ ಮನೆಯಲ್ಲಿ ವೈನಿ ಒಲೆಯ ಪಕ್ಕ ಫೋನ್ ಇಟ್ಟುಕೊಂಡು ಸ್ಪ್ಯಾನಿಶ್ ಕಲಿಯತೊಡಗಿದಳು. “ಅಲ್ಲ ವೈನಿ, ಕಲಿಯೋದಾದ್ರ ಇಂಗ್ಲಿಷ್ ಚಂದಾಗಿ ಕಲೀಬಾರದೇನು?” ಎಂದೆ.

“ಇಂಗ್ಲಿಷ್ ಈ ಮನ್ಯಾಗ ಎಲ್ಲಾರಿಗೂ ಬರ್ತದ್ರಿ. ಬಾಯಿ ತೆಗದ್ರ ತಪ್ಪು ಹಿಡೀತಾರ. ಇದರಾಗ ತಪ್ಪು ಹಿಡಿಯೋರು ಯಾರದಾರ?” ಎಂದಳು. 

ವರ್ಷಗಳು ಹೋದವು. ಒಗ್ಗರಣೆಯ ಹೊಗೆಯಲ್ಲೇ ಅವಳು ಪರೀಕ್ಷೆಗಳನ್ನೂ ಪಾಸು ಮಾಡಿದಳು. ಆಮೇಲೆ, ಮನೆಯಿಂದಲೇ ಕಂಪ್ಯೂಟರಿನಲ್ಲಿ ಸಣ್ಣ ಮಕ್ಕಳಿಗೆ ಭಾಷೆ ಕಲಿಸುವ ಕೆಲಸಕ್ಕೆ ಅರ್ಜಿ ಹಾಕಿದಳು. ಒಂದು ಮಗುವಿಗೆ ಪಾಠ ಮಾಡಿ ತೋರಿಸಿ ಎಂದರು. ಇವಳು ಪರದೆಯ ಮೇಲೆ ಚಿತ್ರ ತೆರೆದು, ‘ಇಲ್ಲೊಂದು ಚಿತ್ರ ಅದ’ ಎಂದು ಸ್ಪ್ಯಾನಿಶ್‌ನಲ್ಲಿ ಹೇಳಿ ಸುಮ್ಮನೆ ನಿಂತಳಂತೆ, ಎಲೆ ಹಾಕಿ ನಿಂತ ಹಾಗೆ. ಮಗು ಮೂಗಿನೊಳಗೆ ಬೆರಳಿಟ್ಟುಕೊಂಡು ಕೂತಿತು. “ನಿಮಗೆ ಭಾಷೆ ಬರುತ್ತದೆ. ಆದರೆ ಏನು ಮಾಡಬೇಕೆಂದು ಮಗುವಿಗೆ ನೀವು ಹೇಳುವುದೇ ಇಲ್ಲ” ಎಂದು ಪರೀಕ್ಷೆ ಮಾಡಿದ ಹೆಂಗಸು ಕೆಲಸ ಕೊಡಲಿಲ್ಲ.

ಅಂದು ವೈನಿ ನನಗೆ ಫೋನ್ ಮಾಡಿದಳು. “ಇನ್ನೊಂದು ಸಲ ಪಾಠ ಮಾಡಾಕ ಕೊಟ್ಟಾರ್ರಿ. ಇದೂ ಹೋದ್ರ ನಾ ಆ ಭಾಷಾದ ಹೆಸ್ರು ಎತ್ತಂಗಿಲ್ಲ. ಇಷ್ಟು ವರ್ಷಕ್ಕ ಇದೊಂದು ನಂದು ಅಂತ ಮಾಡ್ಕೊಂಡಿದ್ದೆ. ಹುಕುಂ ಹೆಂಗ ಮಾಡೋದು, ನಿಮಗ ಗೊತ್ತಲ್ಲ.”

ಶನಿವಾರದ ಬಸ್ಸಿಗೆ ಹೋದೆ. ನಾನು ಶಿಷ್ಯೆ, ಅವಳು ಟೀಚರ್. ನಮ್ಮ ಕೇಳು, ಕೇಳ್ರಿ ಇದ್ದ ಹಾಗೆ ಅಲ್ಲೂ ಎರಡುಂಟಂತೆ: ಮಕ್ಕಳಿಗೆ ‘ಎಸ್ಕುಚಾ’, ದೊಡ್ಡವರಿಗೆ ‘ಎಸ್ಕುಚೆ’. ಅವಳು ‘ಎಸ್ಕುಚಾ’ ಎಂದು ಎಳೆದು ಎಳೆದು ಅಂದಳು.

“ಏನು ವೈನಿ, ಪಕ್ಕದ ಮನಿಗೆ ಹೆಪ್ಪು ಕೇಳಾಕ ಹೊಂಟೀಯೇನು? ಹಿಂಗ ಅನ್ನು” ಎಂದು ನಾನು ಮೇಜು ಗುದ್ದಿ ಕೂಗಿ ತೋರಿಸಿದೆ. ಆಚೆ ಕೋಣೆಯಲ್ಲಿ ಅಣ್ಣನ ಕೈಯಿಂದ ಪೇಪರು ಬಿತ್ತು.

ವೈನಿ ನಕ್ಕಳು. “ಹಂಗಂದ್ರ ಕೂಸು ಅಳ್ತದ್ರಿ, ಕೇಳಂಗಿಲ್ಲ.” ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, “ನಮ್ಮವ್ವ ಆಕಳಿಗೆ ‘ಬಾ ನಮ್ಮವ್ವ, ಕುಡಿ’ ಅಂತಿದ್ಲು. ಅಷ್ಟೂ ಮಂದ್ಯಾಗ ಆಕಳಿಗೊಂದಕ್ಕ ‘ಬಾ’ ಅಂತಿದ್ಲು ನೋಡ್ರಿ” ಎಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ, ದನಿ ಏರಿಸದೆ, ‘ಎಸ್ಕುಚಾ’ ಎಂದಳು. ನನಗೆ ತಿಳಿಯುವ ಮುಂಚೆಯೇ ನಾನು ಕೇಳತೊಡಗಿದ್ದೆ. ಇಷ್ಟು ವರ್ಷ ನಾನು ಕಿರುಚಿದ್ದೆಲ್ಲ ವ್ಯರ್ಥ ಎನ್ನಿಸಿ ಸ್ವಲ್ಪ ಸಿಟ್ಟೂ ಬಂತು.

ಮರುದಿನ ಬೆಳಿಗ್ಗೆ ಪಾಠ. ನಡುಮನೆಯಲ್ಲಿ ಕಂಪ್ಯೂಟರಿನ ಮುಂದೆ ವೈನಿ, ಅಡಿಗೆಮನೆಯ ಬಾಗಿಲಲ್ಲಿ ಅಣ್ಣ ಮತ್ತು ನಾನು. ಪರದೆಯಲ್ಲಿ ಯಾವುದೋ ಊರಿನ ಹುಡುಗ, ಪಕ್ಕದಲ್ಲಿ ಪರೀಕ್ಷೆ ಮಾಡುವ ಅದೇ ಹೆಂಗಸು. ವೈನಿ ‘ಎಸ್ಕುಚಾ’ ಎಂದಳು, ಹುಡುಗ ತಲೆ ಎತ್ತಿದ. ನೋಡು ಎಂದಳು, ನೋಡಿದ. ಆಗಲೇ ಪಡಸಾಲೆಯಿಂದ ಬಂತು, “ನೀರು.”

ವೈನಿಯ ಕೈ ಕುರ್ಚಿಯ ಹಿಡಿಕೆಗೆ ಹೋಯಿತು. ಇಷ್ಟು ವರ್ಷದ ರೂಢಿ. ಅಣ್ಣ ಓಡಲು ಹೊರಟ, ಆದರೆ ಅವನಿಗೆ ತಂಬಿಗೆ ಎಲ್ಲಿದೆಯೆಂದೇ ಗೊತ್ತಿಲ್ಲ. “ನೀರು” ಎಂದು ಮತ್ತೊಮ್ಮೆ. ಎದ್ದಳು, ಮುಗಿಯಿತು, ಎಂದುಕೊಂಡೆ.

ಅವಳು ಏಳಲಿಲ್ಲ. ಗೋಡೆಗಲ್ಲ, ಪಡಸಾಲೆಯ ಬಾಗಿಲಿಗೇ ಮುಖ ತಿರುಗಿಸಿ, “ಮಾವಾ, ಸ್ವಲ್ಪ ತಡೀರಿ. ಪಾಠ ಮಾಡಾಕತ್ತೀನಿ” ಎಂದಳು. ಮತ್ತೆ ಹುಡುಗನ ಕಡೆ ತಿರುಗಿದಳು.

ಗುಡುಗು ಬರುತ್ತದೆಂದು ನಾನು ಕಾದೆ. ಬಂದದ್ದು ಕೋಲಿನ ಸದ್ದು. ಅಪ್ಪ ತಾವೇ ಎದ್ದು, ಮೂಲೆಯ ಕೊಡದಿಂದ ನೀರು ಬಗ್ಗಿಸಿಕೊಂಡು ಕುಡಿದು, ಬಾಗಿಲಲ್ಲಿ ನಿಂತು ಸೊಸೆಯನ್ನು ನೋಡಿದರು. ಆಮೇಲೆ ಅಲ್ಲೇ ಮಣೆಯ ಮೇಲೆ ಕೂತರು. ವೈನಿ ಹುಡುಗನಿಗೆ ‘ನನ್ನ ಹಿಂದೆ ಹೇಳು’ ಎಂದು ಒಂದು ಮಾತು ಅಂದಳು. ಹುಡುಗ ಹೇಳಿದ. ಬಾಗಿಲಿನಿಂದ ಹಲ್ಲಿಲ್ಲದ ಬಾಯೊಂದು ತಾನೂ ಹೇಳಿತು. ಪರದೆಯಲ್ಲಿದ್ದ ಹೆಂಗಸು ನಕ್ಕರು. ಮರುವಾರ ವೈನಿಗೆ ಕೆಲಸ ಸಿಕ್ಕಿತು. ಅಂದು ಸುದ್ದಿ ಕೇಳಿ ನಾನು ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅತ್ತೆ, ಸಂತೋಷಕ್ಕೆ.

ನಿನ್ನೆ ಸಂಜೆ ಹಬ್ಬದ ವಿಚಾರ ಮಾತಾಡಲು ತವರಿಗೆ ಫೋನ್ ಮಾಡಿದೆ. ಅಪ್ಪ ಎತ್ತಿದರು.

“ವೈನಿಗೆ ಕೊಡ್ರಿ ಅಪ್ಪ.”

“ಆಕಿ ಪಾಠ ನಡದದ.”

“ಒಂದೇ ಮಾತು. ಒಂದು ಕೂಗು ಹಾಕ್ರಿ.”

ಅಪ್ಪ ಯಾರನ್ನಾದರೂ ಕೂಗಲು ಹಿಂದೆಮುಂದೆ ನೋಡಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ. ಮೆಲ್ಲಗೆ ಅಂದರು, “ನನಗೂ ಆಕಿ ಜೋಡಿ ಮಾತಾಡೋದದ. ನಾನೂ ಕಾಯಾಕತ್ತೀನಿ. ನೀನೂ ಕಾಯಿ.”

ನಾನು ಫೋನ್ ಇಡಲಿಲ್ಲ. ಅವರೂ ಇಡಲಿಲ್ಲ. ನಡುಮನೆಯಿಂದ ವೈನಿಯ ದನಿ ಬರುತ್ತಿತ್ತು. ಇಬ್ಬರೂ ಸುಮ್ಮನೆ ಕೇಳುತ್ತ ಕೂತೆವು.