ದೊರೆಯ ಅಂಗಿಯ ತೋಳು

ನನ್ನ ಬಳಿ ಕಾಡಿನ ಸಾಹಸದ ಒಂದು ಹಳೆಯ ಇಂಗ್ಲಿಷ್ ಕಾದಂಬರಿಯಿದೆ. ಅದರ ಆರು ಚಿತ್ರಗಳೂ ತಪ್ಪು ಜಾಗದಲ್ಲಿವೆ. ಅಂಟಿಸಿದ ಮಹಾನುಭಾವ ನಾನೇ.

ಮೂವತ್ತರ ದಶಕದ ಮಾತು. ಸೇಲಂನಲ್ಲಿ ನಮ್ಮದು ಮಗ್ಗದ ಮನೆ. ಹಾಳೆ ಉದುರುತ್ತಿದ್ದ ಆ ಪುಸ್ತಕವನ್ನು, ಪಳ್ಳಿಕೂಡ ಅನ್ನುತ್ತಿದ್ದ ನಮ್ಮ ಶಾಲೆಯ ಮೇಷ್ಟ್ರು ನನಗೆ ಕೊಟ್ಟುಬಿಟ್ಟಿದ್ದರು. ನೂಲಿಗೆ ಹಾಕುವ ಗಂಜಿಯನ್ನೇ ಕದ್ದು, ಕಳಚಿಬಿದ್ದ ಚಿತ್ರಗಳನ್ನು ಅಂಟಿಸಿದೆ. ಹುಲಿ ಇಷ್ಟವಾದದ್ದರಿಂದ ಹುಲಿಯ ಚಿತ್ರವೇ ಎಲ್ಲಕ್ಕಿಂತ ಮುಂದಿನ ಪುಟಕ್ಕೆ. ಪಾಪ, ಚಿತ್ರ ಬರೆದವನು ಹುಲಿಯನ್ನು ಕಂಡವನಲ್ಲ. ಅದರ ಮುಖ ಥೇಟು ಊಟ ತಡವಾದಾಗಿನ ನಮ್ಮ ಸೋದರಮಾವನದು. ಇನ್ನು ಕಾಡೋ, ಯಾರೋ ದಿನಾ ಕಸ ಗುಡಿಸುವಂತಿತ್ತು. ಓಮಲೂರಿನಾಚೆ ಲಂಟಾನದ ಮುಳ್ಳಿಗೆ ಪಂಚೆ ಸಿಕ್ಕಿಸಿಕೊಂಡ ನಮಗೆ ಅಂಥ ಕಾಡು ಕನಸಿನಲ್ಲೂ ಸಿಗದು. ಆದರೂ ನಾನು ಆ ಚಿತ್ರಗಳಿಗೆ ಮರುಳಾಗಿದ್ದೆ.

ಒಂದು ದಿನ ಅಪ್ಪ, ಇಂಗ್ಲಿಷು ಎಷ್ಟು ಬಂದಿದೆ ನೋಡಿ ಮುಂದಿನದನ್ನು ತೀರ್ಮಾನಿಸುತ್ತೇನೆ, ಈ ಪುಸ್ತಕ ಓದಿ ಹೇಳು ಅಂದ. ನನಗೆ ಅಕ್ಷರ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ. ಬರದಿದ್ದರೆ ಪಳ್ಳಿಕೂಡ ಬಿಡಿಸಿ, ಕಾಲಿಳಿಬಿಟ್ಟು ಕೂತು ನೇಯುವ ಮಗ್ಗದ ಗುಂಡಿಗೆ ಇಳಿಸುತ್ತಾನೆ ಎಂದೇ ಎಣಿಸಿದೆ. ಚಿತ್ರ ನೋಡುತ್ತಾ, ಸಾಲುಗಳ ಮೇಲೆ ಬೆರಳಾಡಿಸುತ್ತಾ ಕಥೆ ಕಟ್ಟಿದೆ. ಹುಲಿ ಒಬ್ಬ ಬಿಳಿಯ ದೊರೆಯ ಮೇಲೆ ಹಾರಿತು, ದೊರೆ ಅದನ್ನು ಓಡಿಸಿದ, ಆಮೇಲೆ ಡೇರೆಯ ಮುಂದೆ ಕೂತು ಟೀ ಕುಡಿದ. ನನ್ನ ಜಾಣತನಕ್ಕೆ ನಾನೇ ಬೆರಗಾದೆ.

ಅಪ್ಪ ಲಾಳಿ ಕೆಳಗಿಟ್ಟು ಪುಸ್ತಕ ತೆಗೆದುಕೊಂಡ. ಅವನಿಗೆ ಯಾವ ಭಾಷೆಯ ಅಕ್ಷರವೂ ಬಾರದು. ಆ ಎರಡು ಚಿತ್ರಗಳನ್ನು ಹಿಂದೆ ಮುಂದೆ ತಿರುವಿದ.

"ಉಲಿ ಆರ್‍ದಾಗ ದೊರೆ ಅಂಗಿ ತೋಳು ಅರ್ದೈತೆ. ಟೀ ಕುಡಿಯೋವಾಗ ಒಂದ್ ಎಳೇನೂ ಬಿಟ್ಟಿಲ್ಲ. ಕಾಡ್ನಾಗೆ ಯಾವೋನ್ಲಾ ನೇಯ್ದು ಕೊಟ್ಟೋನು?"

ಬೇರೆ ಅಂಗಿ ಇರಬಹುದು ಅಂದೆ. ಎದೆಯ ಮೇಲಿನ ಪಟ್ಟೆಗಳನ್ನು ಅಪ್ಪ ಉಗುರಿನಿಂದ ಎಣಿಸಿ ತೋರಿಸಿದ. ಎರಡರಲ್ಲೂ ಹನ್ನೊಂದು. ಅಂದರೆ ಪುಸ್ತಕದಲ್ಲಿ ಟೀ ಮೊದಲು, ಹುಲಿ ಆಮೇಲೆ. ಓದಿನ ಮೋಸವನ್ನು ಬಟ್ಟೆಯಲ್ಲಿ ಹಿಡಿಯುವ ಪರೀಕ್ಷಕ ಜಗತ್ತಿನಲ್ಲಿ ಇನ್ನೊಬ್ಬನಿರಲಾರ! ನನಗೆ ಓದಲು ಬರುವುದಿಲ್ಲ ಎಂದು ಒಪ್ಪಿಕೊಂಡು ಅತ್ತುಬಿಟ್ಟೆ. ಮಗ್ಗಕ್ಕೆ ಇಳಿಯಲೆಂದು ಅಂಗಿಯನ್ನೂ ಬಿಚ್ಚತೊಡಗಿದೆ.

"ಅಂಗಿ ಆಕ್ಕೊ. ನಾಳೆ ಪಳ್ಳಿಕೂಡಕ್ಕೆ ಓಗು," ಅಂದ ಅಪ್ಪ.

ಬರುವುದಿಲ್ಲ ಅಂದೆನಲ್ಲಪ್ಪಾ, ಎಂದು ಬಿಕ್ಕಿದೆ.

"ಅದ್ಕೇ ಓಗು ಅಂದಿದ್ದು. ಕಲ್ತು ಮುಗಿಸಿದ್ರೆ ಮಗ್ಗಕ್ಕೆ ಕೂರಿಸ್ತಿದ್ದೆ."