ಕಬ್ಬಿನ ಜಲ್ಲೆಯ ಕಂಪ್ಯೂಟರ್ ಪಾಠ

ಬೆಳಿಗ್ಗೆ ಮಾಕವಳ್ಳಿ ರಸ್ತೆಯಲ್ಲಿ ನನ್ನ ಸ್ಕೂಟರು ಕಬ್ಬಿನ ಟ್ರಾಕ್ಟರಿನ ಹಿಂದೆ ಸಿಕ್ಕಿಕೊಂಡಿತು. ಸಕ್ಕರೆ ಕಾರ್ಖಾನೆ ಕಡೆಯಿಂದ ಆ ಸುಟ್ಟ ಸಿಹಿ ವಾಸನೆ ಬಂದದ್ದೇ ತಡ, ನಾನು ಮತ್ತೆ ನಮ್ಮ ಹೈಸ್ಕೂಲಿನ ಅಂಗಳದಲ್ಲಿದ್ದೆ.

ನಮ್ಮ ಕಂಪ್ಯೂಟರ್ ಪೀರಿಯಡ್ಡಿಗೂ ಕರೆಂಟಿಗೂ ಆಗಿಬರುತ್ತಿರಲಿಲ್ಲ. ಕರೆಂಟಿದ್ದ ದಿನವೂ ದಪ್ಪ ಕನ್ನಡಕದ ಜಯಾ ಹಿಂದೆಯೇ ಕೂರುತ್ತಿದ್ದಳು. "ನಂಗೆ ಅಕ್ಷರನೇ ಕಾಣಾಕಿಲ್ಲ. ಅದು ನಿಮ್ಗೇ ಇರ್ಲಿ ಬುಡ್ರೇ" ಅನ್ನುತ್ತಿದ್ದಳು.

ಒಂದು ದಿನ ಕರೆಂಟು ಹೋದಾಗ ಶಾಹೀನಾ ಮಿಸ್ಸು, ನಾವು ಟ್ರಾಕ್ಟರಿನಿಂದ ಎಳೆದು ತಂದಿದ್ದ ಕಬ್ಬನ್ನೆಲ್ಲ ಕಸಿದುಕೊಂಡರು. ಬೈತಾರೆ ಅಂದುಕೊಂಡೆವು. ಅವರು ಅದನ್ನು ಉದ್ದ ಗಿಡ್ಡ ತುಂಡು ಮಾಡಿ ನೆಲದ ಮೇಲೆ ಸಾಲಾಗಿಟ್ಟರು.

"ಗಿಡ್ಡದ್ರಿಂದ ಉದ್ದಕ್ಕೆ ಜೋಡಿಸ್ರಿ, ಕಣ್ಣು ಮುಚ್ಕೊಂಡು! ಒಂದ್ಸಲಕ್ಕೆ ಎರಡೇ ಮುಟ್ಬೇಕು. ಕಂಪ್ಯೂಟರಿಗೆ ನಿಮ್ಮಂಗೆ ಕಣ್ಣಿಲ್ಲ."

ನಾವೆಲ್ಲ ತಡಕಾಡಿ ಸಾಲನ್ನೇ ಕೆಡಿಸಿದೆವು. ಜಯಾ ಕನ್ನಡಕ ತೆಗೆದಿಟ್ಟು ಕಣ್ಣು ಮುಚ್ಚಿ ಕೂತಳು. ಪಕ್ಕಪಕ್ಕದ ಎರಡು ತುಂಡು ಸವರಿ ನೋಡಿ, ಉದ್ದನೆಯದನ್ನು ಬಲಕ್ಕಿಟ್ಟು, ಮುಂದಿನ ಜೋಡಿಗೆ ಸರಿದಳು. ಸಾಲು ಮುಗಿದರೆ ಮತ್ತೆ ಮೊದಲಿಂದ. ಬದಲಿಸಲು ಏನೂ ಉಳಿಯದಾಗ ಕೈ ಕಟ್ಟಿದಳು. ಒಂದೂ ತಪ್ಪಿರಲಿಲ್ಲ.

"ಕಂಪ್ಯೂಟ್ರು ಮಾಡೋದೂ ಇಷ್ಟೇ ಕಣಮ್ಮ" ಎಂದು ಮಿಸ್ಸು ಅವಳ ತಲೆ ಸವರಿದರು.

ಮುಂದಿನ ಪೀರಿಯಡ್ಡಿನಲ್ಲಿ ಜಯಾ "ಸರ್ಕೊಳ್ರೇ" ಎಂದು ನಮ್ಮನ್ನೆಲ್ಲ ತಳ್ಳಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತಳು.

ಈಗ ಕಂಪ್ಯೂಟರ್ ಕಲಿಸುವವಳು ನಾನು. ನಮ್ಮ ಲ್ಯಾಬಿನಲ್ಲಿ ಕರೆಂಟು ಹೋಗುವುದಿಲ್ಲ. ಆದರೂ ಕೊನೆಯ ಬೆಂಚಿನಲ್ಲಿ, ಮೌಸ್ ಮುಟ್ಟಲು ಹೆದರುವ ಹುಡುಗನೊಬ್ಬನಿದ್ದಾನೆ. ಕಾರ್ಖಾನೆಯ ಗೇಟಿನ ಬಳಿ ನನ್ನ ಮುಂದಿದ್ದ ಟ್ರಾಕ್ಟರು ನಿಂತಾಗ ಡ್ರೈವರಣ್ಣನ ಹತ್ತಿರ ನಾಲ್ಕು ಜಲ್ಲೆ ಕೇಳಿದೆ.

"ತಿನ್ನಾಕಾ ಮೇಡಮ್ಮೋರೆ?"

"ಇಲ್ಲ ಕಣಣ್ಣ, ಕಂಪ್ಯೂಟ್ರು ಪಾಠಕ್ಕೆ."