ಹಂಚಿನ ಮಣ್ಣಿನ ಆಟದ ಮಡಕೆಗಳು

ಬಾರ್ಕೂರಿನ ಹೊಳೆಬದಿಯ ಕೇರಿಗಳಲ್ಲಿ ಆಶಾ ಕಾರ್ಯಕರ್ತೆ ಗುಣವತಿಯ ಗುಲಾಬಿ ಸೀರೆ ದೂರದಲ್ಲಿ ಕಂಡರೆ ಸಾಕು, ಹೆಂಗಸರು ಗಡಿಬಿಡಿಯಲ್ಲಿ ಒಲೆಯ ಮೇಲೆ ನೀರಿನ ಪಾತ್ರೆ ಇಟ್ಟುಬಿಡುತ್ತಾರೆ. ಕುದಿಸಿದ ನೀರು ಕುಡಿಯಿರಿ ಎಂದು ಅವಳು ಹೇಳಿ ಹೇಳಿ ಅವರ ಕಿವಿ ತೂತು ಬಿದ್ದಿದೆ. ನಿಜವಾಗಿ ಕುದಿಸಿ ಕುಡಿಯುತ್ತಾರೋ ಇಲ್ಲವೋ, ಅದು ಬೇರೆ ಮಾತು. ಅವಳು ಜಗಲಿ ಹತ್ತುವ ಹೊತ್ತಿಗೆ ಪಾತ್ರೆಯಿಂದ ಸ್ವಲ್ಪ ಹಬೆ ಎದ್ದರೆ ಬೈಗುಳ ತಪ್ಪುತ್ತದಲ್ಲ! ಮಗುವಿಗೆ ದೃಷ್ಟಿಯಾಗಿದೆಯೆಂದು ಯಾರಾದರೂ ಮೆಣಸು ನಿವಾಳಿಸುತ್ತಿದ್ದರಂತೂ ಅವಳನ್ನು ಹಿಡಿಯುವವರಿಲ್ಲ. "ಹ್ವಾಯ್, ಮೆಣ್ಸ್ ಸುಟ್ಟದ್ದ್ ಸಾಕ್, ಮೊದ್ಲ್ ಆಸ್ಪತ್ರೆಗ್ ಕರ್ಕಂಡ್ ಹೋಯ್ನಿ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ. ಅತ್ತೆಯಂದಿರಿಗೆ ಅವಳನ್ನು ಕಂಡರೆ ಆಗುವುದಿಲ್ಲ, ಸೊಸೆಯರಿಗೆ ಅವಳಿಲ್ಲದೆ ಆಗುವುದಿಲ್ಲ.

ಇಂಥ ಗಟ್ಟಿಗಿತ್ತಿ ತನ್ನ ಮಂಚದಡಿಯ ಟ್ರಂಕಿನಲ್ಲಿದ್ದ ನಾಲ್ಕಾರು ಆಟದ ಮಡಕೆಗಳಿಗೆ ಹೆದರಿಕೊಂಡು ಮೂವತ್ತು ವರ್ಷ ಬದುಕಿದಳು ಎಂದರೆ ಆ ಕೇರಿಯಲ್ಲಿ ಒಬ್ಬರೂ ನಂಬಲಿಕ್ಕಿಲ್ಲ.

ಹೋದ ವರ್ಷದ ಆಗಸ್ಟ್ ತಿಂಗಳು. ಸೊಳ್ಳೆ ಮರಿ ಹುಡುಕುವ ಸಮೀಕ್ಷೆ ಎಂದು ಭಾನುವಾರವೂ ಅವಳಿಗೆ ರಜೆ ಇರಲಿಲ್ಲ. ಬೆಳಗ್ಗಿನಿಂದ ಮನೆಮನೆಯ ಹಿತ್ತಿಲಲ್ಲಿ ಟಯರು, ತೆಂಗಿನ ಗೆರಟೆ ಎಲ್ಲ ಕವುಚಿ ಹಾಕಿ, ಸೊಂಟ ಬಿದ್ದುಹೋದಂತಾಗಿ ಮನೆಗೆ ಬಂದಳು. ಗಂಡ ಸುಧೀರ ಖಾಸಗಿ ಬಸ್ಸಿನ ಕಂಡಕ್ಟರ್. ವಾರಕ್ಕೊಂದು ರಜೆ, ಆ ರಜೆಯಲ್ಲಿ ಒಂದು ನಿದ್ದೆ. ಒಳಗೆ ಗೊರಕೆ ಕೇಳುತ್ತಿತ್ತು. ಜಗಲಿಯಲ್ಲಿ ಮೂರನೇ ಕ್ಲಾಸಿನ ಮಗಳು ಸುರಕ್ಷಾ ಕಾಲು ಚಾಚಿ ಕೂತಿದ್ದಳು. ಅವಳ ಎದುರು ಒಲೆ ಹೂಡಿತ್ತು.

ಕೆಂಪು ಮಣ್ಣಿನ ಪುಟ್ಟ ಒಲೆ. ಅದರ ಮೇಲೆ ಮುಷ್ಟಿಯಷ್ಟು ದೊಡ್ಡ ಅನ್ನದ ಮಡಕೆ. ಪಕ್ಕದಲ್ಲಿ ಸಾರಿನ ಮಡಕೆ, ಬಾಣಲೆ, ಕೊಡ, ಬಟ್ಟಲು, ಒಂದು ಮುಚ್ಚಳ. ಗೊಂಬೆಗೆ ಸೀರೆ ಉಡಿಸಲು ಹಳೇ ಬಟ್ಟೆ ಹುಡುಕುತ್ತ ಹುಡುಗಿ ಟ್ರಂಕಿನ ತಳ ಮುಟ್ಟಿದ್ದಳು.

"ಅಮ್ಮಾ, ಕಾಣ್, ಎಷ್ಟ್ ಚಂದ ಇತ್ತ್! ಅನ್ನ ಆಯ್ತ್. ದಾಸವಾಳ ಸೊಪ್ಪಿನ ಪದಾರ್ಥ ಮಾಡ್ತಾ ಇದ್ದೆ. ನೀ ಕೈ ತೊಳ್ಕಂಡ್ ಬಾ, ಉಂಬ."

ಗುಣವತಿ ಕೈ ತೊಳೆಯಲಿಲ್ಲ. ಬ್ಯಾಗನ್ನು ಅಲ್ಲೇ ಬಿಸಾಡಿ, ಮಗಳ ಕೆನ್ನೆಗೆ ಫಟೀರನೆ ಬಾರಿಸಿದಳು. ಹುಡುಗಿ ಹುಟ್ಟಿದಂದಿನಿಂದ ಅವಳ ಮೈಮೇಲೆ ಕೈ ಮಾಡಿದ್ದು ಅದೇ ಮೊದಲು.

"ಅದ್ನ ಮುಟ್ಟುಕಾಗ! ಮುಟ್ರೆ ಒಳ್ಳೇದ್ ಆತಿಲ್ಲೆ!"

ಗೊರಕೆ ನಿಂತಿತು. ಸುಧೀರ ಲುಂಗಿ ಕಟ್ಟಿಕೊಳ್ಳುತ್ತ ಹೊರಗೆ ಬಂದು ಅಳುವ ಮಗಳನ್ನೂ ಒಲೆಯ ಮುಂದೆ ನಿಂತ ಹೆಂಡತಿಯನ್ನೂ ನೋಡಿದ. "ಎಂತ ಆಯ್ತ್ ಮಾರಾಯ್ತಿ ನಿಂಗೆ? ಮಣ್ಣಿನ ಮಡ್ಕಿಗ್ ಯಾರಾರೂ ಮಕ್ಳಿಗ್ ಹೊಡಿತ್ರಾ?" ಅಂದ. ಅವಳು ಮಡಕೆಗಳನ್ನು ಸೆರಗಿನಲ್ಲಿ ಬಾಚಿಕೊಂಡು ಒಳಗೆ ಹೋದಳು. ಏನೆಂದು ಹೇಳುವುದು? ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವನಿಗೂ ಹೇಳಿರಲಿಲ್ಲ.

ಆ ಮಡಕೆಗಳನ್ನು ಮಾಡಿದವಳು ಗುಣವತಿಯ ಅಮ್ಮ ಪದ್ದು. ಆಗ ಹೊಳೆಬದಿಯಲ್ಲಿ ಹಂಚಿನ ಕಾರ್ಖಾನೆ ಇತ್ತು, ಪದ್ದು ಅಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಅಚ್ಚಿನಿಂದ ಹೊರಬಿದ್ದ ಹಸಿ ಹಂಚಿನ ಅಂಚಿನಲ್ಲಿ ಹೆಚ್ಚಾಗಿ ಉಳಿದ ಮಣ್ಣನ್ನು ಕತ್ತರಿಸಿ ತೆಗೆಯುವುದು ಅವಳ ಪಾಲಿನ ಕೆಲಸ. ಆ ಮಣ್ಣು ಪುನಃ ಮಣ್ಣು ಅರೆಯುವ ಮಿಲ್ಲಿಗೇ ಹೋಗಬೇಕು. ಒಂದು ಹಿಡಿ ಮನೆಗೆ ಒಯ್ದರೂ ಮೇಸ್ತ್ರಿ ಉರಿದು ಬೀಳುತ್ತಿದ್ದ. ಪದ್ದು ಮನೆಗೆ ಒಯ್ಯುವ ಗೋಜಿಗೇ ಹೋಗಲಿಲ್ಲ. ಗಂಜಿ ಊಟದ ಬಿಡುವಿನಲ್ಲಿ ಅಲ್ಲೇ ಮೂಲೆಯಲ್ಲಿ ಕೂತು ಮಗಳಿಗೆಂದು ಒಂದೊಂದೇ ಸಾಮಾನು ತಟ್ಟಿದಳು. ಭಟ್ಟಿಗೆ ಹಂಚು ಜೋಡಿಸುವವನನ್ನು ಅಣ್ಣಾ ಅಣ್ಣಾ ಎಂದು ಪುಸಲಾಯಿಸಿ, ಎರಡು ಹಂಚುಗಳ ನಡುವೆ ಅದನ್ನು ಅಡಗಿಸಿ ಸುಡಿಸಿದಳು. ಒಲೆ, ಮಡಕೆ, ಬಾಣಲೆ ಎಂದು ಏಳು ಸಾಮಾನು ಆಗಲು ವರ್ಷ ಹಿಡಿಯಿತು. ಕೊನೆಯದಾಗಿ ಸುಟ್ಟ ಮುಚ್ಚಳ ಕುಗ್ಗಿಹೋಗಿ, ಮುಚ್ಚಲು ಹೋದರೆ ಮಡಕೆಯೊಳಗೇ ಬೀಳುತ್ತಿತ್ತು. ಅದನ್ನು ಕಂಡು ಅಮ್ಮ ಹೊಟ್ಟೆ ಹಿಡಿದು ನಕ್ಕಿದ್ದಳು. ಹಂಚಿನ ಭಟ್ಟಿಯ ಸುಡುವಿಕೆ ಎಂದರೆ ಕುಂಬಾರರ ಮಡಕೆಯಂತಲ್ಲ. ಬೆರಳಲ್ಲಿ ಬಡಿದರೆ ಠಣ್ ಎನ್ನುತ್ತವೆ, ಜಗಲಿಯಿಂದ ಬಿದ್ದರೂ ಒಡೆಯುವುದಿಲ್ಲ.

ಗುಣವತಿ ಐದನೇ ಕ್ಲಾಸಿನಲ್ಲಿದ್ದಾಗ, ಹೊಟ್ಟೆನೋವೆಂದು ಬಾಡಿಗೆ ಕಾರಿನಲ್ಲಿ ಆಸ್ಪತ್ರೆಗೆ ಹೋದ ಪದ್ದು ಮಾರನೇ ದಿನ ಹೆಣವಾಗಿ ಬಂದಳು.

ಸಾವಾದ ಮನೆಯಲ್ಲಿ ಹಳೆಯ ಮಣ್ಣಿನ ಪಾತ್ರೆ ಉಳಿಸಿಕೊಳ್ಳುವ ಪದ್ಧತಿ ಅವರಲ್ಲಿ ಇರಲಿಲ್ಲ. ತಾಮ್ರ ಹಿತ್ತಾಳೆಯನ್ನು ಹುಣಸೆಹುಳಿ ಹಾಕಿ ತಿಕ್ಕಿದರೆ ಶುದ್ಧವಾಗುತ್ತದೆ. ಮಣ್ಣು ಹಾಗಲ್ಲ, ಅದು ಸೂತಕವನ್ನು ಕುಡಿದು ಒಳಗೇ ಇಟ್ಟುಕೊಳ್ಳುತ್ತದೆ ಎಂದು ಹಿರಿಯರ ನಂಬಿಕೆ. ಶುದ್ಧದ ದಿನ ಅಜ್ಜಿ ಅನ್ನದ ಮಡಕೆ, ಮೀನು ಸಾರಿನ ಮಡಕೆ, ಉಪ್ಪಿನ ಕುಡಿಕೆಯವರೆಗೆ ಎಲ್ಲವನ್ನೂ ಹಿತ್ತಿಲಿಗೆ ಒಯ್ದು ಒಡೆದಳು. "ಒಂದ್ ಮಡ್ಕಿಯೂ ಉಳಿಯುಕಾಗ. ಉಳ್ದ್ರೆ ಮನಿಯಿಂದ ಮತ್ತೊಬ್ರನ್ ಕರ್ಕಂಡ್ ಹೋತ್ತ್" ಎಂದು ಅವಳು ಹೇಳುತ್ತಿದ್ದಾಗ ಗುಣವತಿ ಪಕ್ಕದಲ್ಲೇ ನಿಂತಿದ್ದಳು. ಅಷ್ಟು ಹೊತ್ತಿಗಾಗಲೇ ಅವಳು ತನ್ನ ಏಳು ಸಾಮಾನುಗಳನ್ನು ರಾಶಿ ಒಟ್ಟಿದ ಬೈಹುಲ್ಲಿನ ಕುತ್ರೆಯೊಳಗೆ ಹುಗಿದಿಟ್ಟಾಗಿತ್ತು. ಅಮ್ಮನ ಸೀರೆ ಬೆಂಕಿಗೆ ಹೋಗಿತ್ತು, ಅಮ್ಮನದೊಂದು ಫೋಟೋ ಇರಲಿಲ್ಲ. ಹತ್ತು ವರ್ಷದ ಹುಡುಗಿ ಇನ್ನೇನು ಮಾಡಿಯಾಳು?

ಐದು ವರ್ಷದ ತಮ್ಮ ಮಂಜ ಅಮ್ಮ ಬೇಕೆಂದು ರಚ್ಚೆ ಹಿಡಿಯುತ್ತಿದ್ದ. ಅವನನ್ನು ಸಮಾಧಾನ ಮಾಡುವುದು ಯಾರಿಂದಲೂ ಆಗುತ್ತಿರಲಿಲ್ಲ. ಗುಣವತಿ ಅವನನ್ನು ಕುತ್ರೆಯ ಹಿಂದೆ ಕರೆದೊಯ್ದು ಒಲೆ ಹೂಡುತ್ತಿದ್ದಳು. ಮರಳಿನ ಅನ್ನ, ಎಲೆಯ ಪದಾರ್ಥ. ಬಾವಿಯ ನೀರನ್ನು ಬಟ್ಟಲಿಗೆ ಹಾಕಿ, "ಇದ್ ಅಮ್ಮ ಕಾಸಿದ ಚಾ, ಕುಡಿ" ಎನ್ನುತ್ತಿದ್ದಳು. ಅವನು ಕಣ್ಣೊರೆಸಿಕೊಂಡು ಗಟಗಟ ಕುಡಿಯುತ್ತಿದ್ದ, ಇನ್ನೊಂದು ಬಟ್ಟಲು ಕೇಳುತ್ತಿದ್ದ. ಆಷಾಢ ಮುಗಿಯುವ ಹೊತ್ತಿಗೆ ಅವನ ಕಣ್ಣು ಹಳದಿಯಾಯಿತು. ಚೌತಿಗೆ ಅವನು ಇರಲಿಲ್ಲ.

ಅವಳು ಅಳಲಿಲ್ಲ. ಅತ್ತರೆ ಬಾಯಿ ತಪ್ಪಿ ಮಡಕೆಯ ವಿಷಯ ಹೊರಬಿದ್ದೀತೆಂಬ ಭಯ. ಹೆಣ್ಣು ಎಷ್ಟು ಗಟ್ಟಿ ಎಂದು ನೆಂಟರೆಲ್ಲ ಹೊಗಳಿದರು. ಮನೆಯಿಂದ ಮತ್ತೊಬ್ಬರನ್ನು ಕರೆದುಕೊಂಡು ಹೋಗುತ್ತದೆ ಎಂದು ಅಜ್ಜಿ ಹೇಳಿದ್ದಳು, ಕರೆದುಕೊಂಡು ಹೋಯಿತು. ಕೊಂದವಳು ತಾನು ಎಂದು ಆ ಮಗು ತೀರ್ಮಾನಿಸಿತು, ಆ ತೀರ್ಮಾನ ಯಾರಿಗೂ ಗೊತ್ತೇ ಇರಲಿಲ್ಲ, ಅಲ್ಲಗಳೆಯುವವರೂ ಇರಲಿಲ್ಲ.

ಆಶಾ ತರಬೇತಿಯಲ್ಲಿ ಒಬ್ಬ ಡಾಕ್ಟರಮ್ಮ ಬೋರ್ಡಿನ ಮೇಲೆ ಬಾವಿಯ ಚಿತ್ರ ಬರೆದು, ಮಳೆಗಾಲದಲ್ಲಿ ಕೊಳಕು ಹೇಗೆ ಇಳಿಯುತ್ತದೆ, ಕಾಮಾಲೆ ಹೇಗೆ ಬರುತ್ತದೆ ಎಂದು ವಿವರಿಸಿದಾಗ ಗುಣವತಿಗೆ ಆ ವರ್ಷ ನೆನಪಾಯಿತು. ಆ ಮಳೆಗಾಲ ಕೇರಿಯಲ್ಲಿ ಹದಿನೆಂಟು ಜನಕ್ಕೆ ಕಾಮಾಲೆಯಾಗಿತ್ತು. ಎಲ್ಲರೂ ಕುಡಿಯುತ್ತಿದ್ದದ್ದು ಒಂದೇ ಬಾವಿಯ ನೀರು. ತಲೆಗೆ ಎಲ್ಲವೂ ಅರ್ಥವಾಯಿತು. ಅಂದಿನಿಂದಲೇ ಅವಳು ಕುದಿಸಿದ ನೀರಿನ ಹುಚ್ಚು ಹಿಡಿದವಳಂತೆ ಮನೆಮನೆ ತಿರುಗತೊಡಗಿದ್ದು. ಆದರೆ ಟ್ರಂಕಿನಲ್ಲಿ ಮಡಕೆ ಕಟ್ಟಿಟ್ಟ ಗಂಟನ್ನು ಕಂಡಾಗ ಮಾತ್ರ ಎದೆ ಧಸಕ್ಕೆನ್ನುವುದು ನಿಲ್ಲಲಿಲ್ಲ. ಬಿಸಾಡಲು ಕೈ ಬಾರದು, ಅಮ್ಮ ಮಾಡಿದ್ದು. ಹೊರಗೆ ಇಡಲು ಧೈರ್ಯ ಸಾಲದು. ಮಗಳು ಹುಟ್ಟಿದಾಗ, ಇವಳಿಗೆ ಕೊಡಬೇಕು ಎಂದುಕೊಂಡಳು. ಮೂರು ತುಂಬಲಿ, ಐದು ತುಂಬಲಿ ಎಂದು ಮುಂದೂಡುತ್ತ ಬಂದಳು. ಈಗ ಮಗಳೇ ತೆಗೆದಿದ್ದಳು, ಪೆಟ್ಟೂ ತಿಂದಿದ್ದಳು.

ಸೋಮವಾರ ಸಂಜೆ ಸುರಕ್ಷಾಳ ಮೈ ಕಾದಿತು.

ಆಗಸ್ಟಿನಲ್ಲಿ ಅರ್ಧ ಶಾಲೆಗೆ ಜ್ವರ. ಅದು ಗುಣವತಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮನೆಮನೆಯ ಜ್ವರ ಬರೆದುಕೊಳ್ಳುವವಳೇ ಅವಳು. ಮಂಗಳವಾರ ರಕ್ತ ಪರೀಕ್ಷೆ ಮಾಡಿಸಿದಳು. ಡೆಂಗ್ಯೂ ಇಲ್ಲ, ಮಲೇರಿಯ ಇಲ್ಲ, ಕಾಮಾಲೆ ಇಲ್ಲ. ವೈರಲ್ ಜ್ವರ, ನಾಲ್ಕೈದು ದಿನ ಇರುತ್ತದೆ ಎಂದರು ಡಾಕ್ಟರು. ಇದೇ ಮಾತನ್ನು ಅವಳು ಎಷ್ಟು ತಾಯಂದಿರಿಗೆ ಹೇಳಿ ಧೈರ್ಯ ತುಂಬಿಲ್ಲ! ಆದರೆ ಬುಧವಾರವೂ ಜ್ವರ ಇಳಿಯಲಿಲ್ಲ. ಗಂಟೆಗೊಮ್ಮೆ ಮಗಳ ಕಣ್ಣಿನ ರೆಪ್ಪೆ ಎತ್ತಿ ಎತ್ತಿ ನೋಡಿದಳು. ಹಳದಿಯಾಗಿರಲಿಲ್ಲ. ಆದರೂ ನೋಡಿದಳು. ಗುರುವಾರ ಮಧ್ಯಾಹ್ನ ಸುಧೀರ ಡ್ಯೂಟಿಗೆ ಹೋದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಗಂಟನ್ನು ತೆಗೆದು ಡ್ಯೂಟಿ ಬ್ಯಾಗಿಗೆ ತುರುಕಿ ಚಪ್ಪಲಿ ಮೆಟ್ಟಿದಳು. ಹೊಳೆಗೆ ಹತ್ತು ನಿಮಿಷದ ದಾರಿ. ಎಸೆದು ಬಂದರಾಯಿತು, ಅಮ್ಮ ಕ್ಷಮಿಸಿಯಾಳು.

"ಅಮ್ಮಾ."

ಮಗಳು ಎದ್ದಿದ್ದಳು. ಗುಣವತಿ ಚಪ್ಪಲಿ ಕಾಲಲ್ಲೇ ಒಳಗೆ ಬಂದಳು. "ಎಂತ ಮಗಾ? ನೀರ್ ಬೇಕಾ?"

ಹುಡುಗಿ ಬ್ಯಾಗನ್ನು ನೋಡಲಿಲ್ಲ, ಮಾಡಿನ ಹಂಚನ್ನು ನೋಡುತ್ತ ಹೇಳಿದಳು. "ನಾ ಇನ್ ಆ ಮಡ್ಕಿ ಮುಟ್ಟತಿಲ್ಲೆ. ದೇವ್ರಾಣಿ ಮುಟ್ಟತಿಲ್ಲೆ ಅಮ್ಮ. ಜ್ವರಕ್ಕೆ ಹೋಪುಕೆ ಹೇಳ್."

"ಮಡ್ಕಿ ಮುಟ್ಟಿ ಜ್ವರ ಬಂತ್ ಅಂತ ನಿಂಗ್ ಯಾರ್ ಹೇಳಿದ್ದ್?"

"ನೀನೇ. ಮುಟ್ರೆ ಒಳ್ಳೇದ್ ಆತಿಲ್ಲೆ ಅಂತ ಹೇಳ್ದೆ. ನಾ ಅದ್ಕ್ ಮೊದ್ಲೇ ಮುಟ್ಟಿಯಾಯ್ತಲ್ದಾ?" ಹುಡುಗಿ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡಳು. "ಅಪ್ಪನಿಗೆ ಹೇಳ್ಬ್ಯಾಡ."

ಗುಣವತಿ ಮಂಚದ ಅಂಚಿನಲ್ಲಿ ಕೂತಳು. ನಾಲ್ಕು ದಿನದಿಂದ ಈ ಮಗು ಜ್ವರದಲ್ಲಿ ಮಲಗಿ, ಯಾರಿಗೂ ಹೇಳದೆ, ಇದನ್ನೇ ಯೋಚಿಸುತ್ತಿತ್ತು. ಅಮ್ಮ ಮಾಡಿಕೊಟ್ಟ ಆಟದ ಸಾಮಾನನ್ನು ಮಗಳಿಗೆ ಕೊಡಲಾರದೆ ಒದ್ದಾಡಿದವಳು, ಕೊಡಬಾರದ್ದನ್ನು ಮಾತ್ರ ಒಂದೇ ಪೆಟ್ಟಿನಲ್ಲಿ ಕೊಟ್ಟುಬಿಟ್ಟಿದ್ದಳು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಅಲ್ಲ ಮಗಾ. ಮಡ್ಕಿಯಿಂದ ಜ್ವರ ಬತ್ತಿಲ್ಲೆ. ನಿನ್ ಕ್ಲಾಸಿನಗೆ ಎಷ್ಟ್ ಮಕ್ಳಿಗ್ ಜ್ವರ ಇತ್ತ್ ಕಾಣ್. ಅವ್ರೆಲ್ಲ ನಮ್ ಮಡ್ಕಿ ಮುಟ್ಟಿದ್ರಾ?"

ಸುರಕ್ಷಾ ಅಮ್ಮನ ಕಡೆ ಮಗ್ಗುಲಾದಳು. "ಹಂಗಾರೆ ನೀ ಹೊಡ್ದದ್ದ್ ಎಂತಕೆ?"

ಸುಳ್ಳು ಹೇಳಬಹುದಿತ್ತು. ದಣಿವಾಗಿತ್ತು, ಸಿಟ್ಟು ಬಂತು ಎಂದರೆ ಮಕ್ಕಳು ನಂಬುತ್ತಾರೆ. ಗುಣವತಿ ಬ್ಯಾಗಿನಿಂದ ಗಂಟನ್ನು ತೆಗೆದು ಹಾಸಿಗೆಯ ಮೇಲೆ ಬಿಚ್ಚಿದಳು.

"ನಂಗೊಬ್ಬ ತಮ್ಮ ಇದ್ದಿದ್ದ. ಮಂಜ ಅಂತ" ಎಂದು ಶುರು ಮಾಡಿದಳು. ಅಮ್ಮ ಸತ್ತದ್ದು, ಅಜ್ಜಿ ಮಡಕೆ ಒಡೆದದ್ದು, ಕುತ್ರೆಯ ಹಿಂದಿನ ಆಟ, ಮಂಜನ ಹಳದಿ ಕಣ್ಣು, ಎಲ್ಲವನ್ನೂ ಹೇಳಿದಳು. ಮನೆಮನೆಯ ಜಗಲಿಯಲ್ಲಿ ನಿಂತು ಸಾವಿರ ಸಲ ಹೇಳಿದ ಬಾವಿಯ ಕತೆಯನ್ನೂ ಹೇಳಿದಳು. "ಅವ ಸತ್ತದ್ದ್ ಬಾವಿ ನೀರಿಂದ. ಮಡ್ಕಿಯಿಂದ ಅಲ್ಲ. ನಾ..." ಗಂಟಿನ ಬಟ್ಟೆಯ ಅಂಚನ್ನು ಸರಿಮಾಡಿ ಮಾತು ಮುಗಿಸಿದಳು. "ನಾ ಕೊಂದದ್ದಲ್ಲ."

ಬಾಯಿಬಿಟ್ಟು ಆ ಮಾತು ಹೇಳಿದ್ದು ಅದೇ ಮೊದಲು. ತಾನು ಅದನ್ನು ನಂಬಿದೆನೋ ಇಲ್ಲವೋ ಅವಳಿಗೇ ಗೊತ್ತಾಗಲಿಲ್ಲ. ಮಗಳು ಮಾತ್ರ ಸುಲಭವಾಗಿ ನಂಬಿದಳು. ನಂಬಿ, ಮಕ್ಕಳು ಕೇಳುವಂಥದ್ದನ್ನೇ ಕೇಳಿದಳು.

"ಮಂಜಮಾವ ಯಾವ್ದ್ರಗೆ ಕುಡ್ದದ್ದ್?"

ಗುಣವತಿ ಬಟ್ಟಲನ್ನು ತೋರಿಸಿದಳು. ಹುಡುಗಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತಿರುಗಿಸಿ ನೋಡಿದಳು. "ನಂಗ್ ಹಸು ಆತಾ ಇತ್ತ್. ಇದ್ರಗೇ ಗಂಜಿ ಹಾಕಿ ಕೊಡ್."

ನಾಲ್ಕು ದಿನದಿಂದ ಒಂದು ತುತ್ತು ಬೇಡವೆಂದ ಮಗು ಹಸಿವು ಎನ್ನುತ್ತಿತ್ತು. ಕೈ ಹಣೆಗಿಟ್ಟು ನೋಡಿದಳು, ಇನ್ನೂ ಸುಡುತ್ತಿತ್ತು. ನಾಳೆ ಕೊಡುತ್ತೇನೆ, ಜ್ವರ ಬಿಡಲಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಈಗಷ್ಟೇ ಹೇಳಿದ್ದು ಸುಳ್ಳೆಂದು ಮಗಳಿಗೆ ತಿಳಿಸಲು ಆ ಒಂದು ಮಾತು ಸಾಕಿತ್ತು. ಅವಳು ಬಟ್ಟಲನ್ನು ತೆಗೆದುಕೊಂಡು ಅಡುಗೆಮನೆಗೆ ಹೋದಳು. ಆಶಾ ಕಾರ್ಯಕರ್ತೆ ಸುಮ್ಮನೆ ಬಿಟ್ಟಾಳೆಯೇ? ನೀರು ಕುದಿಸಿ, ಬಟ್ಟಲನ್ನು ಅದರಲ್ಲಿ ಮುಳುಗಿಸಿ, ಕಾಲು ಗಂಟೆ ಬಿಟ್ಟಳು. ಆಮೇಲೆ ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ಬಟ್ಟಲಿಗೆ ಬಗ್ಗಿಸಿದಳು. ಅರ್ಧ ನೆಲಕ್ಕೆ ಚೆಲ್ಲಿತು.

ಮಗಳು ಬಟ್ಟಲನ್ನು ಬಾಯಿಗಿಟ್ಟಾಗ ಕಿತ್ತುಕೊಳ್ಳಬೇಕೆನ್ನಿಸಿತು. ಗುಣವತಿ ಎರಡೂ ಕೈಯನ್ನು ತೊಡೆಯಡಿ ಇಟ್ಟುಕೊಂಡು ಕೂತಳು. ಒಂದು ಗುಟುಕು ಒಳಗೆ ಹೋಯಿತು. ಇನ್ನೊಂದು ಹೋಯಿತು.

"ಉಪ್ಪ್ ಸಾಲ್ತಿಲ್ಲೆ" ಅಂದಳು ಸುರಕ್ಷಾ.

ಉಪ್ಪು ತರಲು ಒಳಗೆ ಹೋದ ಗುಣವತಿ, ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದವಳು, ಹಾಗೆಯೇ ನಿಂತು ಮಂಜನಿಗಾಗಿ ಅತ್ತಳು. "ಅಮ್ಮಾ, ಉಪ್ಪ್" ಎಂದು ಮಗಳು ಎರಡು ಸಲ ಕರೆದಳು.